ಬರೆಯದುದು ನಡೆಯದುದು

ಕಳೆದ ಆಷಾಢದ ಒಂದು ಸಂಜೆ ನಾನು ಜಗಲಿಯ ಮೇಲೆ ಕುಳಿತು ಪತ್ರಿಕೆಯನ್ನು ನೋಡುತ್ತಿರುವಾಗ, ನಮ್ಮ ಬೀದಿಯ ಗೃಹಸ್ಥರೊಬ್ಬರು ಬಣ್ಣದ ಪ್ರಕಟನ ಪತ್ರವೊಂದನ್ನು ಕೈಯಲ್ಲಿ ಹಿಡಿದುಕೊಂಡು ಬಂದರು. ಅವರ ಮಗಳು ಜೀವಶಾಸ್ತ್ರವನ್ನು ಓದಿ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಒಂದು ವರ್ಷವಾಗಿತ್ತು. “ಮೇಷ್ಟರೆ, ಇದನ್ನು ನೋಡಿ. ‘ಮೆಡಿಕಲ್ ಬಿಲ್ಲಿಂಗ್ ಮತ್ತು ಕೋಡಿಂಗ್’ ಎಂದು ಬರೆದಿದೆ. ಮೂರು ತಿಂಗಳ ಪಾಠವಂತೆ. ಆ ಮೇಲೆ ಕೆಲಸ ಖಂಡಿತವಂತೆ. ಆಸ್ಪತ್ರೆಯಲ್ಲಿ ಬಿಲ್ಲು ಬರೆಯುವುದಕ್ಕೆ ಇಷ್ಟು ಹಣ ಕೊಟ್ಟು ಕಲಿಯತಕ್ಕದ್ದು ಏನಿದೆ? ಇದು ಗುಮಾಸ್ತೆಯ ಕೆಲಸವಲ್ಲವೆ? ಹುಡುಗಿಯು ಹಟ ಹಿಡಿದಿದ್ದಾಳೆ. ತಾವೊಂದು ಮಾತು ಹೇಳಬೇಕು” ಎಂದರು.

ಸಂಸ್ಕೃತ ಪಾಠವನ್ನು ಹೇಳುತ್ತ ತಲೆ ನರೆಸಿಕೊಂಡ ನನಗೂ ಈ ವಿಷಯಕ್ಕೂ ಏನು ಸಂಬಂಧವೆಂದು ವಾಚಕರು ಆಶ್ಚರ್ಯಪಡಬಹುದು. ಸಂಬಂಧವು ಒದಗಿದುದು ನನ್ನ ತಂಗಿಯ ಮಗಳಿಂದ. ತಂಗಿಯು ಗಂಡನನ್ನು ಕಳೆದುಕೊಂಡವಳು. ಆರು ವರ್ಷಗಳ ಹಿಂದೆ ಆಕೆ ತನ್ನ ಒಂದು ಜೊತೆ ಬಳೆಯನ್ನು ಅಡವಿಟ್ಟು ಮಗಳನ್ನು ಈ ವಿದ್ಯೆಗೆ ಸೇರಿಸಿದಳು. ಹುಡುಗಿಯು ಮೈಸೂರಿನಲ್ಲಿ ನಮ್ಮ ಮನೆಯಲ್ಲಿಯೇ ಇದ್ದುಕೊಂಡು ಓದಿದಳು. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಅವಳು ಓದುವಾಗ ಪಕ್ಕದಲ್ಲಿ ಕುಳಿತು ನಾನೂ ಅಷ್ಟಿಷ್ಟು ಕಲಿತೆನು. ಆದುದರಿಂದ ನೆರೆಯವರಿಗೆ ಅಂದು ಹೇಳಿದುದನ್ನೇ ಈ ತಿಂಗಳು, ಹೆಣ್ಣುಗಂಡು ಮಕ್ಕಳ ಮುಂದಿನ ದಾರಿಯನ್ನು ಕುರಿತು ಚಿಂತಿಸುತ್ತಿರುವ ಎಲ್ಲ ಗೃಹಸ್ಥರಿಗೂ ತಿಳಿಸಬಯಸುತ್ತೇನೆ.

ಮೊದಲನೆಯದಾಗಿ, ಈ ಕೆಲಸವು ಬಹುಮಟ್ಟಿಗೆ ನಮ್ಮ ಆಸ್ಪತ್ರೆಗಳ ಕೆಲಸವಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಆಸ್ಪತ್ರೆಗಳ ಕೆಲಸ. ಆ ದೇಶದಲ್ಲಿ ರೋಗಿಯು ವೈದ್ಯರಿಗೆ ನೇರವಾಗಿ ಪೂರ್ತಿ ಹಣವನ್ನು ಕೊಡುವುದು ಅಪೂರ್ವ. ಅರವತ್ತೈದು ವರ್ಷ ತುಂಬಿದವರಿಗೆ ‘ಮೆಡಿಕೇರ್’ ಎಂಬ ಸರ್ಕಾರದ ವಿಮೆಯೂ, ಬಡವರಿಗೆ ‘ಮೆಡಿಕೆಯ್ಡ್’ ಎಂಬುದೂ ಇವೆ. ಇವೆರಡೂ ೧೯೬೫ರ ಶಾಸನದಿಂದ ಹುಟ್ಟಿದವು. ಉಳಿದವರಲ್ಲಿ ಬಹುಮಂದಿ ತಮ್ಮ ಉದ್ಯೋಗದ ಮೂಲಕ ಖಾಸಗಿ ವಿಮಾ ಸಂಸ್ಥೆಗಳಿಗೆ ಸೇರಿರುತ್ತಾರೆ. ಹೀಗೆ ಚಿಕಿತ್ಸೆಯನ್ನು ಮಾಡುವವನೊಬ್ಬ, ಪಡೆಯುವವನೊಬ್ಬ, ಹಣ ಕೊಡುವವನು ಮತ್ತೊಬ್ಬ. ಕೊಡುವವನು ರೋಗಿಯನ್ನು ನೋಡಿಲ್ಲ, ವೈದ್ಯನನ್ನೂ ನೋಡಿಲ್ಲ. ಏನು ರೋಗ, ಏನು ಚಿಕಿತ್ಸೆ ಎಂಬುದನ್ನು ಅವನಿಗೆ ನಿಸ್ಸಂದಿಗ್ಧವಾಗಿ ತಿಳಿಸಬೇಕು. ಮಾತಿನಲ್ಲಿ ತಿಳಿಸಿದರೆ ಒಬ್ಬೊಬ್ಬ ವೈದ್ಯನ ಮಾತು ಒಂದೊಂದು ಬಗೆ. ಆದುದರಿಂದ ಎಲ್ಲವನ್ನೂ ಅಂಕೆಗಳಿಗೆ ಇಳಿಸಿ ತಿಳಿಸುವ ಪದ್ಧತಿ ಬಂದಿತು.

ವೈದ್ಯನ ಟಿಪ್ಪಣಿಯನ್ನು ಓದಿ ಈ ಅಂಕೆಗಳನ್ನು ನಿಶ್ಚಯಿಸುವುದು ‘ಕೋಡಿಂಗ್’. ಆ ಅಂಕೆಗಳನ್ನು ಬೇಡಿಕೆಯ ಪತ್ರದಲ್ಲಿ ಸೇರಿಸಿ ವಿಮೆಯವರಿಗೆ ಕಳುಹಿಸುವುದು, ಅವರು ಕೊಟ್ಟುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು, ಕೊಡದಿದ್ದರೆ ಏಕೆಂದು ಕೇಳಿ ಮರಳಿ ಬರೆಯುವುದು, ಉಳಿದ ಬಾಕಿಯನ್ನು ರೋಗಿಗೆ ತಿಳಿಸುವುದು, ಇವೆಲ್ಲ ‘ಬಿಲ್ಲಿಂಗ್’. ಇದಕ್ಕೆ ಕಾಲದ ಕಟ್ಟೂ ಉಂಟು. ಚಿಕಿತ್ಸೆ ನಡೆದ ದಿನದಿಂದ ಹನ್ನೆರಡು ತಿಂಗಳೊಳಗಾಗಿ ಮೆಡಿಕೇರಿಗೆ ಬೇಡಿಕೆಯು ಹೋಗದಿದ್ದರೆ ಆ ಹಣವು ಹೋದಂತೆಯೇ. ಒಂದು ಅಕ್ಷರ ತಪ್ಪಿದುದರಿಂದ ಹಿಂದಿರುಗಿ ಬಂದ ಪತ್ರವನ್ನು ಯಾರೂ ನೋಡದೆ ಬಿಟ್ಟರೆ, ಚಿಕಿತ್ಸೆ ಮಾಡಿದ ಸಣ್ಣ ಊರಿನ ವೈದ್ಯನಿಗೆ ಕೂಲಿಯಿಲ್ಲದೆ ಹೋಗುತ್ತದೆ.

ಒಂದು ದೃಷ್ಟಾಂತದಿಂದ ವಿಷಯವು ಸ್ಪಷ್ಟವಾದೀತು. ಎಪ್ಪತ್ತು ವರ್ಷದ ಮುದುಕಿಯೊಬ್ಬಳು ಸ್ನಾನದ ಮನೆಯಲ್ಲಿ ಜಾರಿ ಬಿದ್ದಳೆನ್ನೋಣ. ಬೀಳುವಾಗ ಅಂಗೈಯನ್ನು ಊರಿದುದರಿಂದ ಮಣಿಕಟ್ಟಿನ ಮೇಲಿನ ಮೂಳೆ ಮುರಿಯಿತು. ಈ ಬಗೆಯ ಮುರಿತವನ್ನು ಡಬ್ಲಿನ್ ನಗರದ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್ ಎಂಬಾತನು ೧೮೧೪ರಲ್ಲಿ ವರ್ಣಿಸಿದುದರಿಂದ ಅದಕ್ಕೆ ಅವನ ಹೆಸರೇ ನಿಂತಿದೆ. ಬಲಗೈಯಾದರೆ ಅದರ ಸಂಕೇತ ‘ಎಸ್ ೫೨.೫೩೧ ಎ’, ಎಡಗೈಯಾದರೆ ‘ಎಸ್ ೫೨.೫೩೨ ಎ’. ಕೊನೆಯ ‘ಎ’ ಎಂಬುದು, ಚರ್ಮ ಹರಿಯದ ಮುರಿತಕ್ಕೆ ಮೊದಲ ಚಿಕಿತ್ಸೆ ನಡೆಯುತ್ತಿದೆಯೆಂದು ಹೇಳುತ್ತದೆ. ಗುಣವಾಗುತ್ತಿರುವಾಗ ನೋಡಿಸಿಕೊಳ್ಳಲು ಬಂದರೆ ಅದು ‘ಡಿ’ ಆಗುತ್ತದೆ. ಹೇಗೆ ಬಿದ್ದಳು, ಮನೆಯ ಯಾವ ಭಾಗದಲ್ಲಿ ಬಿದ್ದಳು ಎಂಬುದಕ್ಕೂ ಬೇರೆ ಬೇರೆ ಸಂಕೇತಗಳಿವೆ. ಬಾತುಕೋಳಿ ತಾಕಿ ಗಾಯವಾದರೆ ಅದಕ್ಕೂ ಒಂದುಂಟು; ‘ಡಬ್ಲ್ಯೂ ೬೧.೬೨’ ಎಂಬುದೇ ಅದು. ನನ್ನ ಮನೆಯಾಕೆಯು ಇದನ್ನು ಕೇಳಿ, “ಆ ದೇಶದಲ್ಲಿ ಹಸು ಹಾಯುವುದಿಲ್ಲವೆ?” ಎಂದಳು. ಹಾಯುತ್ತದೆ, ಸಂಕೇತವೂ ಇದೆ.

ಇದು ರೋಗದ ಮಾತಾಯಿತು. ಚಿಕಿತ್ಸೆಗೆ ಮತ್ತೊಂದು ಸಂಕೇತ. ವೈದ್ಯನು ಮೂಳೆಯನ್ನು ಅಲುಗಿಸದೆ ಕಟ್ಟು ಹಾಕಿದರೆ ೨೫೬೦೦. ಜರುಗಿದ ಮೂಳೆಯನ್ನು ಕೈಯಿಂದ ಎಳೆದು ಸ್ವಸ್ಥಾನಕ್ಕೆ ಕೂರಿಸಿ ಕಟ್ಟಿದರೆ ೨೫೬೦೫. ಎರಡಕ್ಕೂ ನಡುವೆ ಕೊನೆಯ ಒಂದಂಕೆಯ ವ್ಯತ್ಯಾಸ. ಆದರೆ ಎರಡನೆಯದಕ್ಕೆ ಸಲ್ಲುವ ಹಣವು ಹೆಚ್ಚು. ಮೆಡಿಕೇರಿನಲ್ಲಿ ಸಾಮಾನ್ಯವಾಗಿ ವೈದ್ಯರ ಸೇವೆಗೆ ನಿಗದಿಯಾದ ಹಣದಲ್ಲಿ ನೂರಕ್ಕೆ ಎಂಭತ್ತನ್ನು ಸರ್ಕಾರವೂ ಇಪ್ಪತ್ತನ್ನು ರೋಗಿಯೂ ಕೊಡಬೇಕು. ಅದಕ್ಕೆ ಮೊದಲು ವರ್ಷವರ್ಷವೂ ರೋಗಿಯು ತಾನೇ ಹೊರಬೇಕಾದ ಒಂದು ಮೊತ್ತವೂ ಉಂಟು. ಆದುದರಿಂದ ಬೆಂಗಳೂರಿನ ಹುಡುಗಿಯೊಬ್ಬಳು ಸೊನ್ನೆಯ ಸ್ಥಾನದಲ್ಲಿ ಐದನ್ನು ಬರೆದರೆ, ಸಮುದ್ರದಾಚೆ ಒಬ್ಬ ಮುದುಕಿಯು ನಡೆಯದ ಚಿಕಿತ್ಸೆಗೆ ತನ್ನ ಪಾಲನ್ನು ತೆರುತ್ತಾಳೆ.

ರೋಗಗಳಿಗೆ ಹೀಗೆ ಪಟ್ಟಿ ಮಾಡುವ ಯೋಚನೆಯು ಹಣಕ್ಕಾಗಿ ಹುಟ್ಟಿದುದಲ್ಲ. ಲಂಡನ್ ನಗರದಲ್ಲಿ ವಾರವಾರವೂ ಸತ್ತವರ ಪಟ್ಟಿಯನ್ನು ಅಚ್ಚು ಹಾಕಿಸುತ್ತಿದ್ದರು. ಜಾನ್ ಗ್ರಾಂಟ್ ಎಂಬ ವರ್ತಕನು ಅವುಗಳನ್ನು ಕೂಡಿಸಿ ನೋಡಿ, ಯಾವ ರೋಗದಿಂದ ಎಷ್ಟು ಜನ ಸಾಯುತ್ತಾರೆಂಬುದನ್ನು ೧೬೬೨ರಲ್ಲಿ ಪ್ರಕಟಿಸಿದನು. ೧೮೯೩ರಲ್ಲಿ ಬರ್ತಿಯೋ ಎಂಬ ಫ್ರೆಂಚ್ ವಿದ್ವಾಂಸನು ಮರಣಕಾರಣಗಳ ಪಟ್ಟಿಯೊಂದನ್ನು ಹಲವು ದೇಶಗಳು ಒಪ್ಪುವಂತೆ ಮಾಡಿದನು. ೧೯೪೮ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ತನ್ನ ವಶಕ್ಕೆ ತೆಗೆದುಕೊಂಡು, ಸಾಯದೆ ನರಳುವವರ ರೋಗಗಳನ್ನೂ ಅದರಲ್ಲಿ ಸೇರಿಸಿತು. ಇದೇ ‘ಐ.ಸಿ.ಡಿ.’ ಎನ್ನಿಸಿಕೊಳ್ಳುವ ಪಟ್ಟಿ. ಅಮೆರಿಕೆಯವರು ಇದರ ಹತ್ತನೆಯ ಆವೃತ್ತಿಯನ್ನು ತಮಗೆ ಬೇಕಾದಂತೆ ವಿಸ್ತರಿಸಿ ೨೦೧೫ರ ಅಕ್ಟೋಬರ್ ೧ರಿಂದ ಬಳಸುತ್ತಿದ್ದಾರೆ. ಹಿಂದಿನ ಪಟ್ಟಿಯಲ್ಲಿ ಸುಮಾರು ೧೪,೦೦೦ ರೋಗಸಂಕೇತಗಳಿದ್ದರೆ ಇದರಲ್ಲಿ ಸುಮಾರು ೭೦,೦೦೦ ಇವೆ. ಚಿಕಿತ್ಸೆಯ ಐದಂಕೆಯ ಸಂಕೇತಗಳು ಅಮೆರಿಕೆಯ ವೈದ್ಯಸಂಘವು ೧೯೬೬ರಲ್ಲಿ ಮೊದಲು ಹೊರತಂದ ‘ಸಿ.ಪಿ.ಟಿ.’ ಎಂಬ ಬೇರೆ ಪುಸ್ತಕದವು.

ನಮ್ಮವರಿಗೂ ಇದು ಹೊಸತಲ್ಲ. ಮಾಧವಕರನ ನಿದಾನಗ್ರಂಥದಲ್ಲಿ ಜ್ವರಾದಿಗಳನ್ನು ಒಂದೊಂದಾಗಿ ವಿಂಗಡಿಸಿ, ಕಾರಣ ಲಕ್ಷಣಗಳನ್ನು ಹೇಳಿರುವುದನ್ನು ಆಯುರ್ವೇದವನ್ನು ಓದಿದವರೆಲ್ಲರೂ ಬಲ್ಲರು. ೨೦೨೪ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಆಯುರ್ವೇದ, ಸಿದ್ಧ, ಯುನಾನಿ ಪದ್ಧತಿಗಳ ರೋಗನಾಮಗಳಿಗೂ ಸಂಕೇತಗಳನ್ನು ಕೊಟ್ಟು, ಹನ್ನೊಂದನೆಯ ಆವೃತ್ತಿಯ ಆ ಭಾಗವನ್ನು ದಿಲ್ಲಿಯಲ್ಲಿ ಬಿಡುಗಡೆ ಮಾಡಿದರು. ಆ ವಾರ್ತೆಯನ್ನು ಓದಿದ ದಿನ ನನಗೆ ಹಳೆಯ ಮಿತ್ರನೊಬ್ಬನು ದೊಡ್ಡ ಸಭೆಯಲ್ಲಿ ಆಸನ ಪಡೆದಂತೆ ಸಂತೋಷವಾಯಿತು.

ಇನ್ನು ಕಲಿಕೆಯ ಮಾತು. ನನ್ನ ಸೊಸೆ, ಎಂದರೆ ತಂಗಿಯ ಮಗಳು, ಮೊದಲ ವಾರದಲ್ಲಿಯೇ ಅಳುಮುಖ ಮಾಡಿಕೊಂಡು, “ಮಾವ, ಈ ಹೆಸರುಗಳು ನಾಲಗೆಗೇ ಹೊರಳುವುದಿಲ್ಲ, ಸಾವಿರಾರು ಇವೆ, ಹೇಗೆ ಬಾಯಿಪಾಠ ಮಾಡಲಿ?” ಎಂದಳು. ನಾನು ಪುಸ್ತಕವನ್ನು ಈಸಿಕೊಂಡು ನೋಡಿದೆನು. ಹೆಸರುಗಳು ಗ್ರೀಕ್ ಲ್ಯಾಟಿನ್ ಭಾಷೆಗಳವು. ಆದರೆ ಅವುಗಳ ಮೈಕಟ್ಟು ನನಗೆ ಪರಿಚಿತವಾಗಿಯೇ ಇತ್ತು. ನಮ್ಮಲ್ಲಿ ಒಂದೇ ಧಾತುವಿಗೆ ಬೇರೆ ಬೇರೆ ಉಪಸರ್ಗಗಳು ಸೇರಿ ಆಹಾರ ವಿಹಾರ ಎಂದು ಅರ್ಥವು ಬದಲಾಗುವಂತೆ ಅಲ್ಲಿಯೂ ಆಗುತ್ತದೆ. ಅವರ ‘ಹೈಪರ್’ ಎಂಬುದು ನಮ್ಮ ‘ಉಪರಿ’. ‘ಹೈಪೋ’ ಎಂಬುದು ‘ಉಪ’. ‘ಪೆರಿ’ ಎಂಬುದು ‘ಪರಿ’. ‘ಡಿಸ್’ ಎಂಬುದು ‘ದುಸ್’. ಇಲ್ಲವೆನ್ನುವ ‘ಅ’, ‘ಅನ್’ಗಳು ಎರಡು ಕಡೆಯೂ ಒಂದೇ. ‘ಆಸ್ಟಿಯೋ’ ನಮ್ಮ ಅಸ್ಥಿ, ‘ಒಡಾಂಟ್’ ದಂತ, ‘ಪೋಡ್’ ಪಾದ, ‘ಜೆನು’ ಜಾನು, ‘ಹೆಪಾರ್’ ಯಕೃತ್, ‘ಕಾರ್ಡಿಯಾ’ ಹೃದ್. ಇವೆಲ್ಲ ಸೋದರ ಶಬ್ದಗಳೆಂದು ಭಾಷಾಶಾಸ್ತ್ರಜ್ಞರು ಒಪ್ಪಿರುತ್ತಾರೆ. ‘ಐಟಿಸ್’ ಎಂಬ ಪ್ರತ್ಯಯ ಬಂದರೆ ಉರಿಯೂತವೆಂದು ತಿಳಿಯತಕ್ಕದ್ದು. ಹಾಗಾದರೆ ‘ಪೆರಿಕಾರ್ಡೈಟಿಸ್’ ಎಂದರೇನೆಂದು ಕೇಳಿದೆನು. ಅವಳು ಸ್ವಲ್ಪ ಯೋಚಿಸಿ, “ಹೃದಯದ ಸುತ್ತಣ ಪೊರೆಯ ಉರಿಯೂತ” ಎಂದಳು. ಅಂದಿನಿಂದ ಬಾಯಿಪಾಠವು ನಿಂತಿತು, ಪದಚ್ಛೇದವು ಆರಂಭವಾಯಿತು.

ಆದರೆ ಎಚ್ಚರವೂ ಬೇಕು. ಕೊಯ್ದು ತೆರೆಯುವುದು ‘ಒಟಮಿ’. ಕೊಯ್ದು ತೆಗೆದುಹಾಕುವುದು ‘ಎಕ್ಟಮಿ’. ಕೊಯ್ದು ಬಾಯಿ ಮಾಡಿಡುವುದು ‘ಆಸ್ಟಮಿ’. ‘ಇಲಿಯಮ್’ ಎಂಬ ಒಂದೇ ಉಚ್ಚಾರದ ಎರಡು ಶಬ್ದಗಳಿವೆ. ಇಂಗ್ಲಿಷ್ ಕಾಗುಣಿತದಲ್ಲಿ ನಡುವೆ ‘ಐ’ ಬಂದರೆ ಸೊಂಟದ ಮೂಳೆ. ‘ಇ’ ಬಂದರೆ ಸಣ್ಣ ಕರುಳಿನ ಕೊನೆಯ ಭಾಗ. ಒಂದು ಮಾತ್ರೆ ತಪ್ಪಿದರೆ ವೃತ್ತವು ಕೆಡುವಂತೆ ಇಲ್ಲಿ ಒಂದಕ್ಷರ ತಪ್ಪಿದರೆ ಮೂಳೆಯು ಕರುಳಾಗುತ್ತದೆ.

ಶಬ್ದಜ್ಞಾನದ ಮೇಲೆ ಶರೀರರಚನೆ, ಆ ಮೇಲೆ ಸಂಕೇತಗ್ರಂಥಗಳನ್ನು ಹುಡುಕುವ ಕ್ರಮ, ಆ ಮೇಲೆ ನಿಯಮಗಳು. ನಿಯಮಗಳಲ್ಲಿ ಒಂದನ್ನು ಕೇಳಿ ನಾನು ಬಹಳ ಮೆಚ್ಚಿದೆನು. ಹೊರರೋಗಿಯ ವಿಷಯದಲ್ಲಿ ವೈದ್ಯನು “ಇದು ಇಂಥ ರೋಗವಿರಬಹುದು” ಎಂದು ಬರೆದಿದ್ದರೆ ಆ ರೋಗದ ಸಂಕೇತವನ್ನು ಹಾಕಕೂಡದು. ಕಂಡ ಲಕ್ಷಣವನ್ನು ಮಾತ್ರ ಹಾಕಬೇಕು. ಕೆಮ್ಮು ಕಂಡಿದೆ, ಕ್ಷಯದ ಶಂಕೆಯಿದೆ ಎಂದಿದ್ದರೆ ಕೆಮ್ಮೆಂದೇ ಬರೆಯತಕ್ಕದ್ದು. ಸಂಶಯವು ಪ್ರಮಾಣವಾಗದೆಂದು ನಮ್ಮ ನೈಯಾಯಿಕರು ಹೇಳುವುದೂ ಇದನ್ನೇ. ಶಂಕೆಯನ್ನು ನಿಶ್ಚಯವೆಂದು ಒಮ್ಮೆ ಬರೆದರೆ, ಆ ಮನುಷ್ಯನ ದಾಖಲೆಯಲ್ಲಿ ಇಲ್ಲದ ರೋಗವೊಂದು ಅವನಿಗೆ ತಿಳಿಯದೆಯೇ ಮನೆ ಮಾಡಿಕೊಳ್ಳುತ್ತದೆ.

ಈ ವಿದ್ಯೆಯಲ್ಲಿ ಹೆಚ್ಚು ಮಾನ್ಯವಾದ ಪರೀಕ್ಷೆಗಳಲ್ಲೊಂದು ‘ಸಿ.ಪಿ.ಸಿ.’ ಎಂಬುದು. ೧೯೮೮ರಲ್ಲಿ ಅಮೆರಿಕೆಯಲ್ಲಿ ಸ್ಥಾಪಿತವಾದ ‘ಎ.ಎ.ಪಿ.ಸಿ.’ ಎಂಬ ವೃತ್ತಿಸಂಘವು ಇದನ್ನು ನಡೆಸುತ್ತದೆ. ನಾಲ್ಕು ಗಂಟೆಗಳಲ್ಲಿ ನೂರು ಪ್ರಶ್ನೆಗಳು. ತೇರ್ಗಡೆಗೆ ನೂರಕ್ಕೆ ಎಪ್ಪತ್ತು ಸರಿಯಿರಬೇಕು. ಸಂಕೇತಗ್ರಂಥಗಳನ್ನು ಎದುರಿಗೆ ಇಟ್ಟುಕೊಂಡೇ ಬರೆಯಬಹುದು. ಪುಸ್ತಕ ತೆರೆದ ಪರೀಕ್ಷೆ ಸುಲಭವೆಂದು ನಾನು ಬಗೆದಿದ್ದೆನು. ಆದರೆ ಒಂದು ಪ್ರಶ್ನೆಗೆ ಎರಡೂವರೆ ನಿಮಿಷವೂ ದೊರೆಯುವುದಿಲ್ಲ. ನಿಘಂಟನ್ನು ಕೈಯಲ್ಲಿ ಕೊಟ್ಟ ಮಾತ್ರಕ್ಕೆ ಕಾವ್ಯಾರ್ಥವಾಗುವುದಿಲ್ಲವಷ್ಟೆ. ಹೊಸದಾಗಿ ತೇರ್ಗಡೆಯಾದವರ ಬಿರುದಿಗೆ ‘ಅಭ್ಯಾಸಿ’ ಎಂಬರ್ಥದ ಒಂದಕ್ಷರವನ್ನು ಅಂಟಿಸಿರುತ್ತಾರೆ. ಅನುಭವವನ್ನು ತೋರಿಸಿದ ಮೇಲೆ ಅದು ಬೀಳುತ್ತದೆ. ಅಲ್ಲಿಗೂ ಓದು ಮುಗಿಯದು. ರೋಗಸಂಕೇತಗಳು ಪ್ರತಿ ಅಕ್ಟೋಬರಿನಲ್ಲಿಯೂ ಚಿಕಿತ್ಸಾಸಂಕೇತಗಳು ಪ್ರತಿ ಜನವರಿಯಲ್ಲಿಯೂ ಪರಿಷ್ಕೃತವಾಗುತ್ತವೆ. ಕಳೆದ ವರ್ಷದ ಪಂಚಾಂಗದಿಂದ ಈ ವರ್ಷದ ತಿಥಿಯನ್ನು ಹೇಳಲಾಗದು.

ನನ್ನ ಸೊಸೆಗೆ ಎರಡನೆಯ ಸಲದ ಪ್ರಯತ್ನದಲ್ಲಿ ತೇರ್ಗಡೆಯಾಯಿತು, ಕೆಲಸವೂ ಸಿಕ್ಕಿತು. ಕೆಲಸಕ್ಕೆ ಸೇರಿ ಐದಾರು ತಿಂಗಳಾದ ಮೇಲೆ ಒಂದು ಶನಿವಾರ ಊರಿಗೆ ಬಂದವಳು ಊಟಕ್ಕೆ ಏಳಲಿಲ್ಲ. ಕೇಳಿದುದಕ್ಕೆ ಬಹಳ ಹೊತ್ತಿನ ಮೇಲೆ ಹೇಳಿದಳು. ಮುರಿದ ಮಣಿಕಟ್ಟಿನ ಟಿಪ್ಪಣಿಯೊಂದು ಅವಳ ಪಾಲಿಗೆ ಬಂದಿತ್ತಂತೆ. ರೋಗಿಯ ಹೆಸರು ಮೊದಲಾದುವನ್ನು ಅವಳು ನಮ್ಮೆದುರು ಎತ್ತಲೇ ಇಲ್ಲ. ಅವುಗಳನ್ನು ಹೊರಗೆ ಆಡಕೂಡದೆಂದು ೧೯೯೬ರ ಅಮೆರಿಕೆಯ ಶಾಸನದ ಕಟ್ಟು ಇದೆ, ಕೆಲಸದ ಕೋಣೆಯೊಳಕ್ಕೆ ಕೈಫೋನನ್ನು ಸಹ ಒಯ್ಯಗೊಡಿಸರು. ಟಿಪ್ಪಣಿಯಲ್ಲಿ ಮೂಳೆ ಮುರಿದಿದೆಯೆಂದೂ ಕಟ್ಟು ಹಾಕಿದೆಯೆಂದೂ ಇತ್ತು. ಮೂಳೆಯನ್ನು ಎಳೆದು ಕೂರಿಸಿದರೆಂಬ ಮಾತು ಇರಲಿಲ್ಲ. ಆದರೆ ಆ ವಾರ ಅವಳು ನೋಡಿದ್ದ ಅಂಥ ಟಿಪ್ಪಣಿಗಳೆಲ್ಲವುಗಳಲ್ಲಿಯೂ ಕೂರಿಸಿದ್ದರು. ದಿನಕ್ಕೆ ಇಷ್ಟು ಟಿಪ್ಪಣಿಗಳು ಮುಗಿಯಬೇಕೆಂಬ ಲೆಕ್ಕ ತಲೆಯ ಮೇಲಿತ್ತು. ಕೈಯು ತಾನಾಗಿಯೇ ೨೫೬೦೫ ಎಂದು ಒತ್ತಿತು.

ಪತ್ರವು ವಿಮೆಯವರಿಗೆ ಹೋಗುವ ಮುನ್ನ ಪರಿಶೋಧಕಿಯು ಅದನ್ನು ಹಿಡಿದಳು. ವೈದ್ಯನನ್ನು ಬರೆದು ಕೇಳಿದರು. ಮೂಳೆಯು ಸ್ಥಾನ ತಪ್ಪಿರಲಿಲ್ಲ, ಎಳೆಯಲಿಲ್ಲ, ಎಂದು ಉತ್ತರ ಬಂದಿತು. ನೂರಕ್ಕೆ ತೊಂಬತ್ತೈದರಷ್ಟಾದರೂ ಸರಿಯಿರಬೇಕೆಂಬುದು ಈ ವೃತ್ತಿಯಲ್ಲಿ ಸಾಮಾನ್ಯವಾದ ಮರ್ಯಾದೆ; ಇವಳದು ಆ ತಿಂಗಳು ಅದಕ್ಕಿಂತ ಕೆಳಗಿಳಿಯಿತು. ಆದರೆ ಅವಳ ದುಃಖವು ಅಂಕಗಳಿಗಾಗಿ ಅಲ್ಲ. “ಮಾಡಿಯೇ ಇರುತ್ತಾರೆ ಎಂದುಕೊಂಡೆ, ಮಾವ. ಓದಿದುದನ್ನು ಬಿಟ್ಟು ಊಹಿಸಿದುದನ್ನು ಬರೆದೆ. ಮೊದಲನೆಯ ದಿನ ಕಲಿಸಿದ ಮಾತೇ ಅದು: ಬರೆಯದುದು ನಡೆಯದುದು. ಅದನ್ನೇ ಮರೆತೆ” ಎಂದಳು.

ನಾನು ಅವಳನ್ನು ಸಮಾಧಾನಪಡಿಸಲಿಲ್ಲ. ನನ್ನದೇ ಒಂದು ಕಥೆಯನ್ನು ಹೇಳಿದೆನು. ಅದನ್ನು ಅದುವರೆಗೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ನಾನು ಉಪಾಧ್ಯಾಯನಾಗಿ ಸೇರಿದ ಹೊಸತರಲ್ಲಿ, ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಪ್ರವೇಶದ ರಿಜಿಸ್ಟರನ್ನು ಬರೆಯುವ ಕೆಲಸವು ನನ್ನ ಪಾಲಿಗಿತ್ತು. ಜೂನ್ ತಿಂಗಳು, ಮಳೆ, ಬಾಗಿಲಲ್ಲಿ ತಂದೆತಾಯಿಗಳ ಸಾಲು. ಒಬ್ಬ ಹುಡುಗನ ವರ್ಗಾವಣೆಯ ಪತ್ರದಿಂದ ಜನ್ಮದಿನವನ್ನು ಇಳಿಸಿಕೊಳ್ಳುವಾಗ ವರ್ಷದ ಕೊನೆಯ ಅಂಕೆಯನ್ನು ಒಂದು ಕಡಮೆ ಬರೆದೆನು. ಮೇಲಿನ ಸಾಲಿನ ಹುಡುಗನ ವರ್ಷವು ಅದಾಗಿತ್ತು, ಕಣ್ಣು ಜಾರಿತು. ಅದೇ ವರ್ಷವು ಎಸ್.ಎಸ್.ಎಲ್.ಸಿ. ಪತ್ರಕ್ಕೂ ಹೋಯಿತು. ಎಷ್ಟೋ ವರ್ಷಗಳ ಮೇಲೆ ಅವನು ಒಂದು ಸರ್ಕಾರಿ ಹುದ್ದೆಗೆ ಅರ್ಜಿ ಹಾಕಿದಾಗ ವಯೋಮಿತಿಯು ಎರಡು ತಿಂಗಳು ಮೀರಿದೆಯೆಂದು ಅರ್ಜಿಯು ತಿರಸ್ಕೃತವಾಯಿತು. ಅವನು ಹಳೆಯ ವರ್ಗಾವಣೆ ಪತ್ರದ ನಕಲನ್ನು ಹಿಡಿದುಕೊಂಡು ನನ್ನನ್ನು ಹುಡುಕಿಕೊಂಡು ಬಂದನು. ಕೋಪಿಸಿಕೊಳ್ಳಲಿಲ್ಲ. “ಇದು ತಮ್ಮ ಅಕ್ಷರವೇ ಅಲ್ಲವೆ, ಸಾರ್?” ಎಂದು ಮಾತ್ರ ಕೇಳಿದನು. ನನ್ನ ಅಕ್ಷರವೇ. ಯಾವ ಯಾವ ಕಚೇರಿಗೆ ಹೋಗಬೇಕೋ ಅಲ್ಲಿಗೆಲ್ಲ ಅವನೊಡನೆ ಹೋದೆನು. ತಪ್ಪು ನನ್ನದೆಂದು ಬರೆದುಕೊಟ್ಟೆನು. ಕಾಲವು ಮಿಂಚಿತ್ತು. ಅವನು ಈಗ ಒಂದು ಅಂಗಡಿಯನ್ನು ಇಟ್ಟುಕೊಂಡು ಚೆನ್ನಾಗಿಯೇ ಇದ್ದಾನೆ. ಹಬ್ಬಕ್ಕೆ ಬಂದು ನಮಸ್ಕರಿಸಿ ಹೋಗುತ್ತಾನೆ. ಆ ನಮಸ್ಕಾರವನ್ನು ತೆಗೆದುಕೊಳ್ಳುವಾಗಲೆಲ್ಲ ನನಗೆ ಆ ಅಂಕೆಯು ಕಣ್ಣಿಗೆ ಕಟ್ಟುತ್ತದೆ.

“ನನ್ನ ತಪ್ಪನ್ನು ಹಿಡಿಯುವವರು ಇರಲಿಲ್ಲ, ನಿನ್ನದನ್ನು ಹಿಡಿದರು. ಹಿಡಿದವಳಿಗೆ ಮನಸ್ಸಿನಲ್ಲಿಯೇ ವಂದನೆ ಹೇಳಿ ಊಟ ಮಾಡು” ಎಂದೆನು. ಅವಳು ಎದ್ದು ಎಲೆಯ ಮುಂದೆ ಕುಳಿತಳು. ಈಗ ಅವಳೇ ಇತರರ ಕೆಲಸವನ್ನು ಪರಿಶೋಧಿಸುವ ಸ್ಥಾನದಲ್ಲಿದ್ದಾಳೆ. ತಂಗಿಯ ಬಳೆಗಳೂ ಮನೆಗೆ ಬಂದಿವೆ.

ನೆರೆಯವರು ಕೇಳಿದ ಪ್ರಶ್ನೆಗೆ ಮರಳೋಣ. ಇದು ಗುಮಾಸ್ತೆಯ ಕೆಲಸವೆನ್ನುವುದಾದರೆ ಹಾಗೆಯೇ ಆಗಲಿ. ಆದರೆ ಕಾಣದ ಮನುಷ್ಯನ ವಿಷಯದಲ್ಲಿ ಸತ್ಯವನ್ನೇ ಬರೆಯಬೇಕಾದ ಗುಮಾಸ್ತೆ. ಲೋಭದಿಂದ ಹೆಚ್ಚಿನ ಸಂಕೇತವನ್ನು ಹಾಕಿಸುವವರೂ ಲೋಕದಲ್ಲಿ ಇದ್ದಾರೆ. ಅಂಥವರನ್ನು ದಂಡಿಸಲು ಅಮೆರಿಕೆಯಲ್ಲಿ ೧೮೬೩ರಷ್ಟು ಹಿಂದಿನ ಶಾಸನವಿದೆ. ಅಂತರ್ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಕೆಟ್ಟ ಸರಕನ್ನು ಮಾರಿದ ಗುತ್ತಿಗೆದಾರರಿಗಾಗಿ ಹುಟ್ಟಿದ ಆ ಶಾಸನವನ್ನು ಈಗ ಮೆಡಿಕೇರಿಗೆ ಸುಳ್ಳು ಲೆಕ್ಕ ಕೊಟ್ಟವರ ಮೇಲೂ ನಡೆಸುತ್ತಾರೆ. ಸರ್ಕಾರಕ್ಕಾದ ನಷ್ಟದ ಮೂರು ಪಟ್ಟಿನವರೆಗೆ ಕಕ್ಕಬೇಕಾಗುತ್ತದೆ. ಮೇಲಿನವರು ಹೇಳಿದರೆಂದು ಇಲ್ಲದುದನ್ನು ಬರೆಯಲಾರೆನೆನ್ನುವ ಧೈರ್ಯವಿಲ್ಲದವರು ಈ ಕೆಲಸಕ್ಕೆ ಹೋಗದಿರುವುದು ಲೇಸು.

ಗೃಹಸ್ಥರು ಗಮನಿಸಬೇಕಾದ ಸಂಗತಿಗಳು ಇನ್ನೂ ಕೆಲವುಂಟು. ಪಾಠಶಾಲೆಯವರು ಕೊಡುವ ಪ್ರಶಸ್ತಿಪತ್ರವೇ ಬೇರೆ, ವೃತ್ತಿಸಂಘದ ಪರೀಕ್ಷೆಯೇ ಬೇರೆ. ಹಣ ಕಟ್ಟುವ ಮುನ್ನ ಇವುಗಳಲ್ಲಿ ಯಾವುದಕ್ಕೆ ಕಟ್ಟುತ್ತಿರುವಿರೆಂದು ಬರವಣಿಗೆಯಲ್ಲಿ ಕೇಳಿರಿ. ಕೆಲಸ ಖಂಡಿತವೆಂದವರಿಂದ ಆ ಮಾತನ್ನೂ ಬರವಣಿಗೆಯಲ್ಲಿ ಕೇಳಿರಿ. ಬಾಯಲ್ಲಿ ಆಡಿ ಬರೆದುಕೊಡಲೊಪ್ಪದವರಿಗೆ ಮೇಲೆ ಹೇಳಿದ ಸೂತ್ರವೇ ಸಲ್ಲುತ್ತದೆ. ಅಲ್ಲಿ ಓದಿ ಈಗ ಕೆಲಸದಲ್ಲಿರುವ ಇಬ್ಬರನ್ನಾದರೂ ಕಂಡು ಮಾತನಾಡಿರಿ. ಬಿಲ್ಲಿಂಗಿನಲ್ಲಿ ವಿಮೆಯವರೊಡನೆ ದೂರವಾಣಿಯಲ್ಲಿ ಮಾತನಾಡುವ ಶಾಖೆಯು ರಾತ್ರಿಯದು. ಬೆಂಗಳೂರಿನಲ್ಲಿ ರಾತ್ರಿ ಎಂಟಾದಾಗ ನ್ಯೂಯಾರ್ಕಿನಲ್ಲಿ, ಕಾಲಕ್ಕೆ ತಕ್ಕಂತೆ, ಬೆಳಗಿನ ಒಂಬತ್ತೂವರೆ ಇಲ್ಲವೆ ಹತ್ತೂವರೆ. ಸಂಕೇತಗಳನ್ನು ಹಾಕುವವರಿಗೆ ಹಗಲ ಕೆಲಸವೂ ದೊರೆಯುತ್ತದೆ. ನಿದ್ರೆಗೆಟ್ಟು ಸಂಪಾದಿಸುವ ಹಣಕ್ಕೆ ಶರೀರವು ಬೇರೆ ಲೆಕ್ಕವನ್ನು ಕಳುಹಿಸುತ್ತದೆಂಬುದನ್ನು ಮರೆಯಬಾರದು.

ಯಂತ್ರವೇ ಟಿಪ್ಪಣಿಯನ್ನು ಓದಿ ಸಂಕೇತವನ್ನು ಸೂಚಿಸುವ ಉಪಾಯವೂ ಬಂದಿದೆ. ಸುಲಭವಾದ ಕೆಲಸವು ಅದರ ಪಾಲಾಗುತ್ತಿದೆ. ಯಂತ್ರವು ಸೂಚಿಸಿದುದು ಸರಿಯೇ ತಪ್ಪೇ ಎಂದು ನೋಡಬಲ್ಲವರು ಬೇಕಾಗುತ್ತಾರೆಂದು ನನ್ನ ಸೊಸೆಯ ಅಭಿಪ್ರಾಯ. ಆದುದರಿಂದ ಮೇಲುಮೇಲಿನ ಕಲಿಕೆಯವರಿಗೆ ದಾರಿಯು ಕಿರಿದಾಗುತ್ತದೆ. ಶರೀರಶಾಸ್ತ್ರವನ್ನೂ ನಿಯಮಗಳನ್ನೂ ಆಳವಾಗಿ ಓದುವವರೇ ನಿಲ್ಲಬಲ್ಲರು.

ಈ ವಿದ್ಯೆಯ ಒಂದು ತುಣುಕು ಪ್ರತಿಯೊಂದು ಮನೆಗೂ ಬೇಕು. ೨೦೧೮ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಅರ್ಹವಾದ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆಯ ವೆಚ್ಚವು ಸಲ್ಲುತ್ತದೆ. ೨೦೨೪ರಿಂದ ಎಪ್ಪತ್ತು ತುಂಬಿದವರಿಗೆ ವರಮಾನವನ್ನು ನೋಡದೆ ಇದು ಅನ್ವಯಿಸುತ್ತದೆ. ಖಾಸಗಿ ವಿಮೆಯೂ ನಮ್ಮಲ್ಲಿ ಹೆಚ್ಚುತ್ತಿದೆ. ಆಸ್ಪತ್ರೆಯಿಂದ ಹೊರಡುವಾಗ ಒಟ್ಟು ಮೊತ್ತವನ್ನಲ್ಲದೆ ಬಾಬುವಾರು ಲೆಕ್ಕವನ್ನೂ ಕೇಳಿ ಪಡೆಯಿರಿ. ಬಿಡುಗಡೆಯ ಪತ್ರದಲ್ಲಿ ಹೆಸರು, ವಯಸ್ಸು, ತಾರೀಖು, ಎಡವೋ ಬಲವೋ, ರೋಗದ ಹೆಸರು, ಇವುಗಳನ್ನು ಅಲ್ಲಿಯೇ ಓದಿರಿ. ತಪ್ಪಿದ್ದರೆ ಅಲ್ಲಿಯೇ ತಿದ್ದಿಸಿರಿ. ಮನೆಗೆ ಬಂದ ಮೇಲೆ ಕಂಡ ತಪ್ಪಿಗೆ ಕಾಲುಗಳು ಬೆಳೆದಿರುತ್ತವೆ.

ಇಷ್ಟನ್ನೂ ಹೇಳಿದ ಮೇಲೆ ನೆರೆಯವರು, “ಹಾಗಾದರೆ ನನ್ನ ಮಗಳಿಗೆ ಇದು ಆಗುತ್ತದೆಯೋ ಇಲ್ಲವೋ?” ಎಂದರು. ಹುಡುಗಿಯನ್ನು ಕಳುಹಿಸಿ ಎಂದೆನು. ಮಾರನೆಯ ದಿನ ಬಂದಳು. ನನ್ನ ಸೊಸೆಯು ಬಿಟ್ಟುಹೋಗಿದ್ದ ಅಭ್ಯಾಸಪುಸ್ತಕದಿಂದ ಆರು ಸಾಲಿನ ಒಂದು ಟಿಪ್ಪಣಿಯನ್ನು ಅವಳಿಗೆ ಕೊಟ್ಟು, “ಇದರಲ್ಲಿ ಏನಿದೆಯೆಂದು ಹೇಳಬೇಡ, ಏನಿಲ್ಲವೆಂದು ಹೇಳು” ಎಂದೆನು. ಅವಳು ಎರಡು ಸಲ ಓದಿದಳು. ಬೆರಳಿಟ್ಟು ಮೂರನೆಯ ಸಲವೂ ಓದಿದಳು. ಆ ಮೇಲೆ ತಲೆಯೆತ್ತಿ, “ಯಾವ ಮೊಣಕಾಲೆಂದು ಬರೆದಿಲ್ಲ, ಸಾರ್. ನೋವು ಎಂದಿನಿಂದ ಎಂಬುದೂ ಇಲ್ಲ” ಎಂದಳು.

ಅವಳ ತಂದೆಯವರಿಗೆ, ಹಣ ಕಟ್ಟುವ ಮುನ್ನ ಮೇಲಿನ ಪ್ರಶ್ನೆಗಳನ್ನು ಕೇಳಿ ಉತ್ತರಗಳನ್ನು ಬರೆಸಿಕೊಳ್ಳಿ, ಆ ಮೇಲೆ ಹುಡುಗಿಯನ್ನು ಸೇರಿಸಿ, ಎಂದು ಹೇಳಿ ಕಳುಹಿಸಿದೆನು.